ಹೊಗೆಸೊಪ್ಪಿನ ಕೀಲಿ, ಮಿದುಳಿನ ಬೀಗ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಹೆಸರು ರಾಜ್ಯದ ಸುದ್ದಿಪುಟಗಳಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಕಾಣಿಸಿಕೊಳ್ಳುತ್ತದೆ. ಹೊಗೆಸೊಪ್ಪಿನ ಹರಾಜು ಆರಂಭವಾಗುತ್ತಿದ್ದಂತೆ ಬೆಲೆಯ ಏರಿಳಿತ, ಖರೀದಿ ಕಂಪನಿಗಳ ನಿರಾಸಕ್ತಿ, ಪರವಾನಗಿ ಇಲ್ಲದ ಬೆಳೆಗಾರರಿಗೆ ದಂಡ, ಬ್ಯಾರನ್‌ಗಳಿಗೆ ಸೌದೆಯ ಅಭಾವ ಮೊದಲಾದ ಸಂಗತಿಗಳು ಚರ್ಚೆಗೆ ಬರುತ್ತವೆ. ಹರಾಜು ಮುಗಿದೊಡನೆ ಚರ್ಚೆಯೂ ಮುಗಿಯುತ್ತದೆ. ಆ ಎಲೆಯೊಳಗಿನ ವಸ್ತು ಮನುಷ್ಯನ ದೇಹದ ಯಾವ ಬಾಗಿಲನ್ನು ತಟ್ಟುತ್ತದೆ, ಆ ಬಾಗಿಲಿನ ರಚನೆ ಹೇಗಿದೆ, ಅದನ್ನು ಅರಿತರೆ ಯಾರಿಗೆ ಪ್ರಯೋಜನ ಎಂಬ ಪ್ರಶ್ನೆಗಳು ಮಾತ್ರ ಸುದ್ದಿಯ ಹೊರಗೇ ಉಳಿದುಬಿಡುತ್ತವೆ.

ಈ ಪ್ರಶ್ನೆಗಳಿಗೆ ವಿಜ್ಞಾನ ಕಳೆದ ಎರಡು ದಶಕಗಳಲ್ಲಿ ಬಹುಮಟ್ಟಿಗೆ ಉತ್ತರ ಕಂಡುಕೊಂಡಿದೆ. ಸಿಗರೇಟು ಸೇದುವವನ ಚಟ, ಅದನ್ನು ಬಿಡಿಸುವ ಮಾತ್ರೆ, ಒದ್ದೆ ಎಲೆ ಮುರಿಯುವ ಕೂಲಿ ಹೆಂಗಸಿಗೆ ಬರುವ ವಾಂತಿ, ಈ ಮೂರೂ ಜೀವಕೋಶದ ಮೇಲ್ಮೈಯಲ್ಲಿರುವ ಒಂದೇ ಕುಟುಂಬದ ಪ್ರೋಟೀನುಗಳಿಗೆ ಸಂಬಂಧಿಸಿದವು ಎಂಬುದು ಇಂದು ನಿರ್ವಿವಾದ. ಆದರೆ ನಮ್ಮ ಆಡಳಿತ ಮೂರನ್ನೂ ಬೇರೆ ಬೇರೆ ಕಡತಗಳಲ್ಲಿ ಇರಿಸಿದೆ. ಪ್ರಯೋಗಾಲಯ ಕಂಡುಕೊಂಡ ಸತ್ಯ ಹೊಲಕ್ಕೂ ತಾಲ್ಲೂಕು ಆಸ್ಪತ್ರೆಗೂ ಇಳಿಯಬೇಕಾದರೆ ಆ ಕಡತಗಳನ್ನು ಒಟ್ಟಿಗೆ ಓದಬೇಕಾಗುತ್ತದೆ.

ಬೆಳೆಯ ಹಿನ್ನೆಲೆ

ಸಿಗರೇಟಿಗೆ ಬಳಸುವ ವರ್ಜೀನಿಯಾ ತಂಬಾಕಿನ ಉತ್ಪಾದನೆಯಲ್ಲಿ ಆಂಧ್ರಪ್ರದೇಶದ ನಂತರದ ಸ್ಥಾನ ಕರ್ನಾಟಕದ್ದು. ಅದರ ಬಹುಪಾಲು ಮೈಸೂರು ಸೀಮೆಯ ಹಗುರ ಮಣ್ಣಿನಲ್ಲಿ, ಮುಂಗಾರು ಮಳೆಯ ಆಶ್ರಯದಲ್ಲಿ ಬೆಳೆಯುತ್ತದೆ. 1975ರ ಕಾಯಿದೆಯ ಅನ್ವಯ 1976ರಲ್ಲಿ ತಂಬಾಕು ಮಂಡಳಿ ಅಸ್ತಿತ್ವಕ್ಕೆ ಬಂತು. 1984ರಲ್ಲಿ ಮಂಡಳಿ ಕರ್ನಾಟಕದಲ್ಲಿ ಹರಾಜು ಪದ್ಧತಿಯನ್ನು ಆರಂಭಿಸಿತು. ಇಂದು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳಂತಹ ಊರುಗಳ ಹೆಸರು ಹರಾಜು ಮಾರುಕಟ್ಟೆಗಳ ಮೂಲಕವೇ ಹೊರಜಗತ್ತಿಗೆ ಪರಿಚಿತ. ಈಚಿನ ವರ್ಷಗಳಲ್ಲಿ ಮಂಡಳಿ ರಾಜ್ಯಕ್ಕೆ ನಿಗದಿ ಮಾಡುತ್ತಿರುವ ಬೆಳೆ ಪ್ರಮಾಣ ಸುಮಾರು 10 ಕೋಟಿ ಕಿಲೋಗ್ರಾಂ ಆಸುಪಾಸಿನಲ್ಲಿದೆ.

ಈ ಗಿಡ ನಿಕೋಟಿನ್ ಎಂಬ ಕ್ಷಾರವಸ್ತುವನ್ನು ಬೇರಿನಲ್ಲಿ ತಯಾರಿಸಿ ಎಲೆಗೆ ಸಾಗಿಸುತ್ತದೆ. ತನ್ನನ್ನು ತಿನ್ನಬರುವ ಹುಳುಗಳಿಂದ ರಕ್ಷಿಸಿಕೊಳ್ಳಲು ಗಿಡ ಕಂಡುಕೊಂಡ ಅಸ್ತ್ರವದು. ಹೂವು ಬರುವ ಹೊತ್ತಿಗೆ ರೈತರು ಗಿಡದ ಕುಡಿ ಚಿವುಟುವುದರಿಂದ ಎಲೆಗೆ ತೂಕ ಬರುವುದಷ್ಟೇ ಅಲ್ಲ, ನಿಕೋಟಿನ್ ಅಂಶವೂ ಹೆಚ್ಚುತ್ತದೆ. ಹುಳುವಿನ ನರಕ್ಕೆ ಗುರಿಯಿಟ್ಟ ಈ ವಸ್ತು ಮನುಷ್ಯನ ನರವನ್ನೂ ತಾಕುವುದೇಕೆ ಎಂಬುದರಿಂದಲೇ ಆಧುನಿಕ ಔಷಧ ವಿಜ್ಞಾನದ ಒಂದು ದೊಡ್ಡ ಅಧ್ಯಾಯ ಆರಂಭವಾಯಿತು.

ಎಲೆಯಿಂದ ಹುಟ್ಟಿದ ಪರಿಕಲ್ಪನೆ

ಔಷಧವು ದೇಹದಲ್ಲಿ ಎಲ್ಲಿ, ಹೇಗೆ ಕೆಲಸ ಮಾಡುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದ ಅಂತ್ಯದವರೆಗೂ ಊಹೆಯ ವಿಷಯವಾಗಿತ್ತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಜಾನ್ ಲಾಂಗ್ಲಿ ಎಂಬ ಶರೀರಶಾಸ್ತ್ರಜ್ಞ ಕೋಳಿಯ ಸ್ನಾಯುವಿನ ಮೇಲೆ ನಿಕೋಟಿನ್ ಪ್ರಯೋಗಿಸಿದಾಗ ಸ್ನಾಯು ಸಂಕುಚಿತಗೊಂಡಿತು. ಸ್ನಾಯುವಿಗೆ ಬರುವ ನರವನ್ನು ಕತ್ತರಿಸಿ ಅದು ಕ್ಷೀಣಿಸಿದ ಮೇಲೂ ಸಂಕೋಚನ ಉಂಟಾಯಿತು. ದಕ್ಷಿಣ ಅಮೆರಿಕದ ಬುಡಕಟ್ಟುಗಳು ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ವಿಷ ಹಾಕಿದಾಗ ನಿಕೋಟಿನ್‌ನ ಪರಿಣಾಮ ತಗ್ಗಿತು. ಸ್ನಾಯುಕೋಶದಲ್ಲಿಯೇ ಈ ಎರಡೂ ವಸ್ತುಗಳನ್ನು ಸ್ವೀಕರಿಸುವ ಒಂದು ಘಟಕವಿರಬೇಕೆಂದು ಲಾಂಗ್ಲಿ 1905ರಲ್ಲಿ ವಾದಿಸಿದ. ಇಂದು ರಿಸೆಪ್ಟರ್ ಎಂದು ವೈದ್ಯಲೋಕ ಕರೆಯುವ, ಕನ್ನಡದಲ್ಲಿ ಗ್ರಾಹಿ ಎನ್ನಬಹುದಾದ ಪರಿಕಲ್ಪನೆಯ ಮೂಲಗಳಲ್ಲಿ ಅದು ಪ್ರಮುಖವಾದುದು. ರಕ್ತದೊತ್ತಡ, ಆಸ್ತಮಾ, ಮಾನಸಿಕ ಕಾಯಿಲೆಗಳಿಗೆ ಇಂದು ಬಳಸುವ ಅನೇಕ ಔಷಧಗಳು ನಿಂತಿರುವುದು ಇದೇ ಪರಿಕಲ್ಪನೆಯ ಮೇಲೆ. ಅದರ ಮೊದಲ ಸಾಕ್ಷಿಗಳಲ್ಲೊಂದು ಹೊಗೆಸೊಪ್ಪು ಎಂಬುದನ್ನು ಈ ನಾಲ್ಕು ತಾಲ್ಲೂಕುಗಳ ಓದುಗರು ವಿಶೇಷವಾಗಿ ಗಮನಿಸಬೇಕು.

ಲಾಂಗ್ಲಿ ಊಹಿಸಿದ ಘಟಕವನ್ನು ಕೈಗೆ ತೆಗೆದುಕೊಳ್ಳಲು ಇನ್ನೂ 65 ವರ್ಷ ಬೇಕಾಯಿತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಜಾನ್-ಪಿಯೇರ್ ಶಾಂಜೋ 1970ರಲ್ಲಿ ವಿದ್ಯುತ್ ಹಾವುಮೀನಿನ ಅಂಗಾಂಶದಿಂದ ಅದನ್ನು ಬೇರ್ಪಡಿಸಿದ. ಗ್ರಾಹಿಯನ್ನು ಬಿಗಿಯಾಗಿ ಹಿಡಿದು ತೋರಿಸಲು ಆತನಿಗೆ ನೆರವಾದದ್ದು ತೈವಾನಿನ ಚೆನ್-ಯುವಾನ್ ಲೀ ಒದಗಿಸಿದ ಹಾವಿನ ವಿಷ. ಆ ಹಾವು ನಮ್ಮ ಕಡೆಯ ಕಟ್ಟುಹಾವಿನ ಹತ್ತಿರದ ಸಂಬಂಧಿ. ಕಟ್ಟುಹಾವು ಕಚ್ಚಿದವರಿಗೆ ಉಸಿರಾಟದ ಸ್ನಾಯುಗಳು ಸೋಲುವುದಕ್ಕೆ ಅದರ ವಿಷ ಇದೇ ಗ್ರಾಹಿಯನ್ನು ಮುಚ್ಚಿಬಿಡುವುದೂ ಒಂದು ಕಾರಣ.

ಬೀಗ ಕಣ್ಣಿಗೆ ಕಂಡ ಬಗೆ

ಗ್ರಾಹಿ ಇದೆ ಎಂದು ತಿಳಿಯುವುದು ಬೇರೆ, ಅದರ ಆಕಾರವನ್ನು ಪರಮಾಣುಗಳ ಮಟ್ಟದಲ್ಲಿ ಕಾಣುವುದು ಬೇರೆ. ಜೀವಕೋಶದ ಕೊಬ್ಬಿನ ಪೊರೆಯಲ್ಲಿ ಹುದುಗಿರುವ ಪ್ರೋಟೀನನ್ನು ಕೆಡದಂತೆ ಹೊರತೆಗೆಯುವುದು ಅತ್ಯಂತ ಕಷ್ಟದ ಕೆಲಸ. 2001ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಟಿಟಿಯಾ ಸಿಕ್ಸ್‌ಮಾ ಅವರ ತಂಡ ಕೆರೆಯ ಬಸವನಹುಳುವಿನಿಂದ, ಈ ಗ್ರಾಹಿಯ ಹೊರಭಾಗವನ್ನೇ ಹೋಲುವ ಒಂದು ಪ್ರೋಟೀನನ್ನು ಸ್ಫಟಿಕರೂಪಕ್ಕೆ ತಂದು ಅದರ ರಚನೆಯನ್ನು ಪ್ರಕಟಿಸಿತು. 2005ರಲ್ಲಿ ಕೇಂಬ್ರಿಜ್‌ನ ನೈಜೆಲ್ ಅನ್ವಿನ್ ವಿದ್ಯುತ್ ತೊರಕೆಮೀನಿನ ಗ್ರಾಹಿಯ ಪೂರ್ಣ ಸ್ವರೂಪವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಬಿಡಿಸಿ ತೋರಿಸಿದ. 2016ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿದ್ದ ರಯಾನ್ ಹಿಬ್ಸ್ ಅವರ ತಂಡ, ನಿಕೋಟಿನ್ ಚಟಕ್ಕೆ ಮುಖ್ಯ ಕಾರಣವಾದ ಮನುಷ್ಯ ಮಿದುಳಿನ ಗ್ರಾಹಿಯನ್ನೇ, ಅದರ ಹೊಟ್ಟೆಯಲ್ಲಿ ನಿಕೋಟಿನ್ ಕುಳಿತಿರುವಂತೆಯೇ ಸೆರೆಹಿಡಿಯಿತು. ಆ ಚಿತ್ರದ ಸ್ಪಷ್ಟತೆ 3.9 ಆಂಗ್‌ಸ್ಟ್ರಮ್. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲೇ ಒಂದು ಆಂಗ್‌ಸ್ಟ್ರಮ್.

ಕಂಡ ರಚನೆ ಸರಳವಾಗಿಯೇ ಇದೆ. ಐದು ಪ್ರೋಟೀನ್ ತುಂಡುಗಳು ಪೀಪಾಯಿಯ ಹಲಗೆಗಳಂತೆ ವೃತ್ತಾಕಾರವಾಗಿ ನಿಂತಿವೆ. ನಡುವೆ ಒಂದು ಕಿರಿದಾದ ರಂಧ್ರ. ಮಿದುಳಿನ ಮುಖ್ಯ ಗ್ರಾಹಿಯಲ್ಲಿ ಈ ಹಲಗೆಗಳು ಆಲ್ಫಾ-4 ಮತ್ತು ಬೀಟಾ-2 ಎಂಬ ಎರಡು ಬಗೆಯವು. ಎರಡು ಹಲಗೆ ಕೂಡುವ ಸಂದಿನಲ್ಲಿ ಚಿಕ್ಕ ಗೂಡೊಂದಿದೆ. ಕೀಲಿ ಕೂರುವ ಸ್ಥಳ ಇದೇ. ನಮ್ಮ ನರಗಳು ಒಂದಕ್ಕೊಂದು ಸಂದೇಶ ಕಳಿಸಲು ಅಸೆಟೈಲ್‌ಕೋಲಿನ್ ಎಂಬ ವಸ್ತುವನ್ನು ಬಿಡುಗಡೆ ಮಾಡುತ್ತವೆ. ಅದು ಈ ಗೂಡಿಗೆ ಬಂದು ಕುಳಿತಾಗ ಗೂಡಿನ ಬಾಯಿಯಲ್ಲಿರುವ ಪ್ರೋಟೀನಿನ ಮಡಿಕೆಯೊಂದು ಮುಚ್ಚಳದಂತೆ ಮುಚ್ಚಿಕೊಳ್ಳುತ್ತದೆ. ಆ ಅಲುಗಾಟ ಕೆಳಗಿನ ರಂಧ್ರದವರೆಗೆ ಸಾಗಿ ಬಾಗಿಲು ತೆರೆಯುತ್ತದೆ, ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ನರ ಚುರುಕಾಗುತ್ತದೆ. ಕೆಲಸ ಮುಗಿದ ಅಸೆಟೈಲ್‌ಕೋಲಿನ್ ಅನ್ನು ಒಂದು ಕಿಣ್ವ ಕ್ಷಣಾರ್ಧದಲ್ಲಿ ಚೂರು ಮಾಡಿಬಿಡುತ್ತದೆ.

ನಿಕೋಟಿನ್ ಅದೇ ಗೂಡಿಗೆ ಹೊಂದುವ ಕಳ್ಳ ಕೀಲಿ. ಸೇದಿದ ಕೆಲವೇ ಸೆಕೆಂಡುಗಳಲ್ಲಿ ಅದು ಮಿದುಳನ್ನು ಮುಟ್ಟುತ್ತದೆ. ಅದನ್ನು ಚೂರು ಮಾಡುವ ಕಿಣ್ವ ನರಗಳ ಸಂದಿನಲ್ಲಿ ಇಲ್ಲ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಎರಡು ಗಂಟೆ ಬೇಕು. ಹೀಗಾಗಿ ಬಾಗಿಲು ಮೊದಲು ತೆರೆದು, ಬಳಿಕ ಕೀಲಿ ಒಳಗಿದ್ದರೂ ಮುಚ್ಚಿಕೊಂಡು ನಿಷ್ಕ್ರಿಯವಾಗಿಬಿಡುತ್ತದೆ. 2016ರ ಚಿತ್ರದಲ್ಲಿ ಸಿಕ್ಕಿದ್ದು ಈ ದಣಿದ ಸ್ಥಿತಿಯೇ. ಇದೇ ಕುಟುಂಬದ ಆಲ್ಫಾ-7 ಎಂಬ ಇನ್ನೊಂದು ಗ್ರಾಹಿಯ ಮುಚ್ಚಿದ, ತೆರೆದ ಮತ್ತು ದಣಿದ ಮೂರೂ ಸ್ಥಿತಿಗಳನ್ನು ಹಿಬ್ಸ್ ತಂಡ 2021ರಲ್ಲಿ ಪ್ರಕಟಿಸಿತು. ಮುಚ್ಚಿದ ಸ್ಥಿತಿಯನ್ನು ಹಿಡಿದಿಡಲು ಆಗಲೂ ಬಳಸಿದ್ದು ಅದೇ ಹಾವಿನ ವಿಷವನ್ನು.

ಗ್ರಾಹಿಗಳು ದಣಿದಾಗ ಮಿದುಳು ಅವುಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ರಾತ್ರಿ ನಿದ್ದೆಯಲ್ಲಿ ನಿಕೋಟಿನ್ ಇಳಿದು ಅವು ಚೇತರಿಸಿಕೊಂಡಾಗ, ಬೆಳಿಗ್ಗೆ ಎದ್ದವನಿಗೆ ಮೊದಲ ಸಿಗರೇಟಿನ ತಹತಹ ಶುರುವಾಗುತ್ತದೆ. ಬೀಟಾ-2 ಹಲಗೆಯೇ ಇಲ್ಲದಂತೆ ಬೆಳೆಸಿದ ಇಲಿಗಳು ನಿಕೋಟಿನ್‌ಗಾಗಿ ಹಾತೊರೆಯುವುದಿಲ್ಲ ಎಂಬುದು 1998ರಲ್ಲಿಯೇ ಸಿದ್ಧವಾಗಿತ್ತು. ಚಟವನ್ನು ಮನೋಬಲದ ಕೊರತೆ ಎಂದು ಹಳಿಯುವವರು ಈ ಸಂಗತಿಯನ್ನು ಪರಿಶೀಲಿಸುವುದು ಒಳಿತು.

ಇಲ್ಲಿ ಇನ್ನೊಂದು ಕುತೂಹಲದ ಪ್ರಶ್ನೆ ಏಳುತ್ತದೆ. ಸ್ನಾಯುವಿನಲ್ಲಿಯೂ ಇದೇ ಕುಟುಂಬದ ಗ್ರಾಹಿಯಿದೆ. ಹಾಗಿದ್ದರೆ ಸಿಗರೇಟು ಸೇದಿದವನ ಕೈಕಾಲು ಏಕೆ ಸೆಟೆದುಕೊಳ್ಳುವುದಿಲ್ಲ? ಕ್ಯಾಲಿಫೋರ್ನಿಯಾದ ಡೆನ್ನಿಸ್ ಡೋಹರ್ಟಿ ಅವರ ತಂಡ 2009ರಲ್ಲಿ ಇದಕ್ಕೆ ಉತ್ತರ ನೀಡಿತು. ಧನ ವಿದ್ಯುದಂಶ ಹೊತ್ತ ನಿಕೋಟಿನ್ ಮಿದುಳಿನ ಗ್ರಾಹಿಯ ಗೂಡಿನಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ಬಲವಾಗಿ ಅಪ್ಪಿಕೊಳ್ಳುತ್ತದೆ. ಸ್ನಾಯುವಿನ ಗ್ರಾಹಿಯಲ್ಲಿಯೂ ಆ ಟ್ರಿಪ್ಟೊಫ್ಯಾನ್ ಇದೆ. ಆದರೆ ಅದರ ಹತ್ತಿರದ ಒಂದೇ ಒಂದು ಅಮೈನೋ ಆಮ್ಲ ಬೇರೆಯಾಗಿರುವುದರಿಂದ ಗೂಡಿನ ಆಕಾರ ತುಸು ಬದಲಾಗಿ, ಹಿಡಿತ ಸಡಿಲವಾಗುತ್ತದೆ. ಸಿಗರೇಟು ಜಗತ್ತಿನ ದೊಡ್ಡ ವ್ಯಾಪಾರವಾಗಿ ಬೆಳೆಯಲು ಸಾಧ್ಯವಾದದ್ದರ ಹಿಂದೆ ಇಷ್ಟು ಚಿಕ್ಕ ವ್ಯತ್ಯಾಸವಿದೆ.

ಅರ್ಧ ತಿರುಗುವ ಕೀಲಿ

ಬೀಗದ ಆಕಾರ ತಿಳಿದರೆ ಬದಲಿ ಕೀಲಿಯ ಗುಣದೋಷ ತಿಳಿಯುತ್ತದೆ. ಯೂರೋಪಿನ ಲ್ಯಾಬರ್ನಮ್ ಮರದ ಬೀಜದಲ್ಲಿ ಸೈಟಿಸಿನ್ ಎಂಬ ವಸ್ತುವಿದೆ. ಬಲ್ಗೇರಿಯಾ ದೇಶ 1964ರಲ್ಲಿಯೇ ಇದನ್ನು ಧೂಮಪಾನ ಬಿಡಿಸುವ ಮಾತ್ರೆಯಾಗಿ ಮಾರುಕಟ್ಟೆಗೆ ತಂದಿತ್ತು. ಅದು ನಿಕೋಟಿನ್ ಕೂರುವ ಗೂಡಿನಲ್ಲೇ ಕುಳಿತು ಬಾಗಿಲನ್ನು ಸ್ವಲ್ಪ ಮಾತ್ರ ತೆರೆಯುತ್ತದೆ. ಸ್ವಲ್ಪ ತೆರೆಯುವುದರಿಂದ ತಹತಹ ಶಮನವಾಗುತ್ತದೆ. ಗೂಡು ಭರ್ತಿಯಾಗಿರುವುದರಿಂದ ಆಮೇಲೆ ಸೇದಿದ ಸಿಗರೇಟು ನಿರೀಕ್ಷಿತ ಸುಖ ಕೊಡುವುದಿಲ್ಲ. ಸೈಟಿಸಿನ್‌ನ ಚೌಕಟ್ಟನ್ನೇ ಮಾದರಿಯಾಗಿಟ್ಟು ಫೈಜರ್ ಕಂಪನಿಯ ರಸಾಯನಶಾಸ್ತ್ರಜ್ಞರು ರೂಪಿಸಿದ ವ್ಯಾರೆನಿಕ್ಲಿನ್ ಮಾತ್ರೆಗೆ ಅಮೆರಿಕ 2006ರಲ್ಲಿ ಅನುಮತಿ ನೀಡಿತು. ಮಾನಸಿಕ ಅಡ್ಡಪರಿಣಾಮಗಳ ಶಂಕೆಯಿಂದ 2009ರಲ್ಲಿ ಅದರ ಮೇಲೆ ಹಾಕಿದ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ವಿಸ್ತೃತ ಪರೀಕ್ಷೆಯ ನಂತರ 2016ರಲ್ಲಿ ತೆಗೆದುಹಾಕಲಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವ್ಯಾರೆನಿಕ್ಲಿನ್ ಅನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2024ರ ಜುಲೈನಲ್ಲಿ ಹೊರತಂದ ತನ್ನ ಮೊದಲ ತಂಬಾಕು ವ್ಯಸನಮುಕ್ತಿ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಸೈಟಿಸಿನ್ ಅನ್ನೂ ಶಿಫಾರಸು ಮಾಡಿತು. ಭಾರತದ 2022ರ ರಾಷ್ಟ್ರೀಯ ಅತ್ಯಗತ್ಯ ಔಷಧಗಳ ಪಟ್ಟಿ ನಿಕೋಟಿನ್ ಬದಲಿ ಚಿಕಿತ್ಸೆಗೆ ಸ್ಥಾನ ಕೊಟ್ಟಿದೆ. 2016–17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಸಿಗರೇಟು, ಬೀಡಿ, ಕಡ್ಡಿಪುಡಿ ಯಾವುದಾದರೂ ಗೂಡು ಒಂದೇ. ಪಟ್ಟಿಯಲ್ಲಿರುವ ಔಷಧ ಪಿರಿಯಾಪಟ್ಟಣದ ಆಸ್ಪತ್ರೆಯ ಔಷಧ ಕಪಾಟಿನಲ್ಲಿಯೂ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಒದ್ದೆ ಎಲೆ, ಬರಿಗೈ

ಇಷ್ಟು ಹೊತ್ತು ಹೇಳಿದ್ದು ಸೊಪ್ಪನ್ನು ಬಳಸುವವರ ಕಥೆ. ಸೊಪ್ಪನ್ನು ಮುರಿಯುವವರ ಕಥೆ ಇನ್ನೂ ಕಡಿಮೆ ಚರ್ಚೆಗೆ ಬಂದಿದೆ. ಮೈಸೂರು ಸೀಮೆಯಲ್ಲಿ ಎಲೆ ಮುರಿಯುವ ಕಾಲ ಮಳೆಗಾಲವೇ. ಬುಡದಿಂದ ಆರಂಭಿಸಿ, ಮಾಗಿದ ಎರಡು ಮೂರು ಎಲೆಗಳನ್ನಷ್ಟೇ ಪ್ರತಿ ಸುತ್ತಿನಲ್ಲಿ ಮುರಿದು, ಕಂಕುಳಲ್ಲಿ ಅವುಚಿಕೊಂಡು ಹೊರತಂದು, ಕಡ್ಡಿಗೆ ಕಟ್ಟಿ ಬ್ಯಾರನ್ ತುಂಬಬೇಕು. ನಿಕೋಟಿನ್ ನೀರಿನಲ್ಲಿ ಕರಗುತ್ತದೆ, ಚರ್ಮದ ಮೂಲಕ ಸುಲಭವಾಗಿ ಇಳಿಯುತ್ತದೆ. ಮಳೆಹನಿ, ಇಬ್ಬನಿ ಅಥವಾ ಬೆವರಿನಿಂದ ಒದ್ದೆಯಾದ ಬಟ್ಟೆ ಮೈಗೆ ಅಂಟಿಕೊಂಡಾಗ ಗಂಟೆಗಟ್ಟಲೆ ಅದು ರಕ್ತ ಸೇರುತ್ತಲೇ ಇರುತ್ತದೆ. ಕರುಳು, ಹೃದಯಗಳನ್ನು ನಿಯಂತ್ರಿಸುವ ನರಗಳ ಗಂಟುಗಳಲ್ಲಿಯೂ ಇದೇ ಕುಟುಂಬದ ಗ್ರಾಹಿಗಳಿವೆ. ಪರಿಣಾಮವಾಗಿ ವಾಕರಿಕೆ, ವಾಂತಿ, ತಲೆಸುತ್ತು, ತಲೆನೋವು, ನಿತ್ರಾಣ ಕಾಣಿಸಿಕೊಳ್ಳುತ್ತವೆ. ಹಸಿ ತಂಬಾಕಿನ ಕಾಯಿಲೆ ಎಂದು ಕರೆಯಲಾಗುವ ಇದನ್ನು ಅಮೆರಿಕದ ಫ್ಲಾರಿಡಾದಲ್ಲಿ 1970ರಲ್ಲಿ ಗುರುತಿಸಲಾಯಿತು. ಭಾರತದಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 1979ರಿಂದಲೇ ಗುಜರಾತಿನ ತಂಬಾಕು ಕೃಷಿ ಕಾರ್ಮಿಕರಲ್ಲಿ ಈ ತೊಂದರೆಯನ್ನು ದಾಖಲಿಸಿದ್ದಾರೆ.

ಮೊದಲೇ ತಂಬಾಕು ಬಳಸುವ ಕಾರ್ಮಿಕರಲ್ಲಿ ಈ ಕಾಯಿಲೆ ಕಡಿಮೆ ಕಾಣಿಸುತ್ತದೆ ಎಂಬುದು ಗಮನಾರ್ಹ. ಅವರ ಗ್ರಾಹಿಗಳು ನಿಕೋಟಿನ್‌ಗೆ ಆಗಲೇ ದಣಿದು ಒಗ್ಗಿಹೋಗಿರುತ್ತವೆ. ಹೊಗೆಸೊಪ್ಪನ್ನು ಬಾಯಿಗೆ ಎಂದೂ ಮುಟ್ಟಿಸದವರಿಗೇ ಹೊಡೆತ ಹೆಚ್ಚು. ಕೂಲಿಗೆ ಬರುವ ಹೆಣ್ಣುಮಕ್ಕಳಲ್ಲಿ, ರಜೆಯ ದಿನ ತಂದೆ-ತಾಯಿಯ ಜೊತೆ ಹೊಲಕ್ಕಿಳಿಯುವ ಮಕ್ಕಳಲ್ಲಿ ಇಂಥವರೇ ಅಧಿಕ. ಚಟದ ಪಾಲುದಾರರಲ್ಲದವರು ವಿಷದ ಪಾಲುದಾರರಾಗುವ ಈ ಅನ್ಯಾಯವನ್ನು ಯಾವ ಹರಾಜು ಬೆಲೆಯೂ ತೂಗಿಸಲಾರದು.

ವೈದ್ಯರಿಗೂ ಇಲ್ಲೊಂದು ಎಚ್ಚರಿಕೆಯಿದೆ. ಹೊಲದಿಂದ ಬಂದ ರೋಗಿಯ ವಾಂತಿ, ತಲೆಸುತ್ತನ್ನು ಬಿಸಿಲಿನ ಬಳಲಿಕೆ ಎಂದೋ ಕೀಟನಾಶಕದ ವಿಷವೆಂದೋ ಭಾವಿಸುವ ಸಾಧ್ಯತೆ ಹೆಚ್ಚು. ಆರ್ಗನೊಫಾಸ್ಫೇಟ್ ವರ್ಗದ ಕೀಟನಾಶಕಗಳು ಅಸೆಟೈಲ್‌ಕೋಲಿನ್ ಚೂರು ಮಾಡುವ ಕಿಣ್ವವನ್ನೇ ಕಟ್ಟಿಹಾಕುತ್ತವೆ, ನಿಕೋಟಿನ್ ಗ್ರಾಹಿಯನ್ನು ಹಿಡಿಯುತ್ತದೆ. ಲಕ್ಷಣಗಳು ಹೋಲುತ್ತವೆಯಾದರೂ ಚಿಕಿತ್ಸೆ ಒಂದೇ ಅಲ್ಲ. ಆದ್ದರಿಂದ ಆ ದಿನ ಹೊಲದಲ್ಲಿ ಸಿಂಪಡಣೆ ನಡೆಯಿತೇ, ಒದ್ದೆ ಎಲೆ ಮುರಿದರೇ ಎಂಬ ಎರಡು ಪ್ರಶ್ನೆಗಳನ್ನು ಕೇಳುವುದು ಅಗತ್ಯ.

ಕೀಟನಾಶಕದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ತಂಬಾಕಿನ ಸಸ್ಯಹೇನಿಗೆ ಸಿಂಪಡಿಸುವ ಇಮಿಡಾಕ್ಲೋಪ್ರಿಡ್ ಕೂಡ ಇದೇ ಗ್ರಾಹಿಗೆ ಗುರಿಯಿಟ್ಟದ್ದು. ಅದರಲ್ಲಿ ನಿಕೋಟಿನ್‌ನ ಧನ ವಿದ್ಯುದಂಶವಿಲ್ಲ. ಬದಲಿಗೆ ಇರುವ ನೈಟ್ರೋ ಗುಂಪು ಕೀಟಗಳ ಗೂಡಿಗೆ ಚೆನ್ನಾಗಿ ಹೊಂದಿ, ಸಸ್ತನಿಗಳ ಗೂಡಿನಲ್ಲಿ ಸಡಿಲವಾಗಿ ಕೂರುತ್ತದೆ. ಆದರೆ ಜೇನ್ನೊಣವೂ ಕೀಟವೇ. ಯೂರೋಪಿಯನ್ ಒಕ್ಕೂಟ 2018ರಲ್ಲಿ ಇದರ ಹೊರಾಂಗಣ ಬಳಕೆಯನ್ನು ನಿಷೇಧಿಸಿದ್ದು ಜೇನ್ನೊಣಗಳ ಕಾರಣದಿಂದ. ನಾಗರಹೊಳೆಯ ಅಂಚಿನ ಹೊಲಗಳಿಗೆ ಇದು ದೂರದ ವಿಷಯವಲ್ಲ.

ಮಾಡಬೇಕಾದದ್ದು

ತಂಬಾಕಿನ ಕುರಿತ ನಮ್ಮ ಸಾರ್ವಜನಿಕ ಚರ್ಚೆ ಎರಡು ತುದಿಗಳಲ್ಲಿ ನಿಂತಿದೆ. ಬೆಳೆ ನಿಲ್ಲಿಸಿ ಎನ್ನುವವರು ಒಂದು ಕಡೆ, ಬೆಲೆ ಕೊಡಿ ಎನ್ನುವವರು ಇನ್ನೊಂದು ಕಡೆ. ಖಚಿತ ಖರೀದಿಯ ಭರವಸೆಯಿರುವ ಬೆಳೆಯನ್ನು ಬಿಟ್ಟು ಮುಸುಕಿನ ಜೋಳಕ್ಕೋ ಶುಂಠಿಗೋ ಹೋಗಲು ಸಣ್ಣ ಹಿಡುವಳಿದಾರ ಹಿಂಜರಿಯುವುದು ಸಹಜ. ಆತನನ್ನು ಅಪರಾಧಿಯಂತೆ ಕಾಣುವುದರಿಂದ ಪ್ರಯೋಜನವಿಲ್ಲ. ಭಾರತ 2004ರಲ್ಲಿ ಅನುಮೋದಿಸಿದ ಅಂತರರಾಷ್ಟ್ರೀಯ ತಂಬಾಕು ನಿಯಂತ್ರಣ ಒಡಂಬಡಿಕೆಯ 17ನೆಯ ವಿಧಿ ಬೆಳೆಗಾರರಿಗೆ ಪರ್ಯಾಯ ಜೀವನೋಪಾಯದ ಬಗ್ಗೆಯೂ, 18ನೆಯ ವಿಧಿ ಬೆಳೆಯುವವರ ಆರೋಗ್ಯ ಮತ್ತು ಪರಿಸರದ ರಕ್ಷಣೆಯ ಬಗ್ಗೆಯೂ ಸ್ಪಷ್ಟವಾಗಿ ಹೇಳುತ್ತವೆ. ರಾಜ್ಯದ ತಿದ್ದುಪಡಿ ಕಾಯಿದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ತಂಬಾಕು ಖರೀದಿಯ ವಯೋಮಿತಿಯನ್ನು 18ರಿಂದ 21ಕ್ಕೆ ಏರಿಸಿ, ಹುಕ್ಕಾ ಬಾರ್‌ಗಳನ್ನು ನಿಷೇಧಿಸಿದೆ. ಕೊಳ್ಳುವವನ ವಯಸ್ಸನ್ನು ಕೇಳುವ ಸರ್ಕಾರ, ಎಲೆ ಮುರಿಯುವವಳ ಕೈಯಲ್ಲಿ ಕೈಗವಸು ಇದೆಯೇ ಎಂದೂ ಕೇಳಬೇಕಲ್ಲವೇ?

ಮೊದಲ ಹೆಜ್ಜೆಗೆ ಹೆಚ್ಚು ಹಣ ಬೇಕಿಲ್ಲ. ನೀರು ಇಳಿಯದ ಕೈಗವಸು, ಮೈಮೇಲೆ ಹೊದೆಯಲು ಪ್ಲಾಸ್ಟಿಕ್ ಹಾಳೆ, ಎಲೆ ಒಣಗಿದ ಮೇಲೆ ಕೆಲಸ ಆರಂಭಿಸುವ ಪರಿಪಾಠ, ಕೆಲಸ ಮುಗಿದೊಡನೆ ಸಾಬೂನಿನಿಂದ ಕೈಕಾಲು ತೊಳೆದು ಬಟ್ಟೆ ಬದಲಿಸುವ ಅನುಕೂಲ, ಇಷ್ಟೇ ಬಹುಪಾಲು ಕಾಯಿಲೆಯನ್ನು ತಡೆಯಬಲ್ಲವು. ರಸಗೊಬ್ಬರವನ್ನು ಬೆಳೆಗಾರರಿಗೆ ತಲುಪಿಸುವ ವ್ಯವಸ್ಥೆಯನ್ನು ಹೊಂದಿರುವ ತಂಬಾಕು ಮಂಡಳಿಗೆ ಕೈಗವಸು ತಲುಪಿಸುವುದು ಕಷ್ಟವಾಗಲಾರದು. ಲೈಸೆನ್ಸ್ ನವೀಕರಣದ ಜೊತೆಗೆ ಅದನ್ನು ಕಡ್ಡಾಯ ಮಾಡಬಹುದು. ಎರಡನೆಯದಾಗಿ, ನಾಲ್ಕು ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಈ ಕಾಯಿಲೆಯ ತರಬೇತಿ ನೀಡಿ, ಪ್ರತಿ ಕಟಾವಿನ ಋತುವಿನಲ್ಲಿ ಪ್ರಕರಣಗಳನ್ನು ದಾಖಲಿಸಬೇಕು. ಎಣಿಕೆಯೇ ಆಗದ ಕಾಯಿಲೆಗೆ ಪರಿಹಾರ ಬರುವುದಿಲ್ಲ. ಮೂರನೆಯದಾಗಿ, ಚಟ ಬಿಡಿಸುವ ಔಷಧಗಳನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಆಪ್ತಸಲಹೆಯೊಂದಿಗೆ ಒದಗಿಸಬೇಕು. ಸಿಗರೇಟು ಪ್ಯಾಕಿನ ಮೇಲೆ ಮುದ್ರಿತವಾಗುವ ರಾಷ್ಟ್ರೀಯ ಸಹಾಯವಾಣಿಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಸಲಹೆ ಫೋನಿನಲ್ಲಿ ಸಿಕ್ಕರೂ ಮಾತ್ರೆ ಊರಿನ ಹತ್ತಿರ ಸಿಗಬೇಕು.

ಬೆಳೆಗಾರನ ಭವಿಷ್ಯದ ಪ್ರಶ್ನೆಯೂ ಇದರಿಂದ ಹೊರತಲ್ಲ. ಚಟ ಬಿಡಿಸುವ ಚೂಯಿಂಗ್ ಗಮ್ಮಿಗೆ ಬೇಕಾದ ನಿಕೋಟಿನ್ ಬಹುಪಾಲು ಬರುವುದು ತಂಬಾಕಿನಿಂದಲೇ. ಕೋಎನ್‌ಜೈಮ್ ಕ್ಯೂ-10 ತಯಾರಿಕೆಗೆ ಬಳಸುವ ಸೊಲನೆಸಾಲ್ ಕೂಡ ಈ ಎಲೆಯಲ್ಲಿದೆ. ಹುಣಸೂರಿನಲ್ಲಿ ಸಂಶೋಧನಾ ಕೇಂದ್ರ ಹೊಂದಿರುವ, ರಾಜಮಹೇಂದ್ರವರದ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆ ತನ್ನ ಹೆಸರಿನಿಂದ ತಂಬಾಕನ್ನೇ ಕೈಬಿಟ್ಟು ಈಚೆಗೆ ರಾಷ್ಟ್ರೀಯ ವಾಣಿಜ್ಯ ಕೃಷಿ ಸಂಶೋಧನಾ ಸಂಸ್ಥೆಯಾಗಿದೆ. ಈ ಬದಲಾವಣೆ ನಾಮಫಲಕಕ್ಕೆ ಸೀಮಿತವಾಗದೆ, ಔಷಧೋದ್ಯಮಕ್ಕೆ ಬೇಕಾದ ತಳಿಗಳ ಕಡೆಗೂ ಪರ್ಯಾಯ ಬೆಳೆಗಳ ಮಾರುಕಟ್ಟೆಯ ಕಡೆಗೂ ಗಮನ ಹರಿಸುವಂತಾದರೆ ರೈತನಿಗೆ ಒಂದು ದಾರಿ ತೆರೆದೀತು. ಪ್ರೋಟೀನುಗಳನ್ನು ಪರಮಾಣು ಮಟ್ಟದಲ್ಲಿ ಕಾಣಿಸುವ ಶೈತ್ಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಂದು ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆಗಳಲ್ಲಿಯೂ ಇದೆ. ಹೊಸ ಕೀಲಿಗಳನ್ನು ಪರಿಶೀಲಿಸುವ ಕೆಲಸಕ್ಕೆ ಡಲ್ಲಾಸಿನತ್ತಲೇ ನೋಡಬೇಕಾಗಿಲ್ಲ.

ಲಾಂಗ್ಲಿಯ ಕಾಲದಿಂದ ನೂರಿಪ್ಪತ್ತು ವರ್ಷ ಈ ಎಲೆ ವಿಜ್ಞಾನಕ್ಕೆ ಬೇಕಾದುದನ್ನು ಕೊಟ್ಟಿದೆ. ಸರ್ಕಾರಗಳಿಗೆ ತೆರಿಗೆಯನ್ನೂ ವಿದೇಶಿ ವಿನಿಮಯವನ್ನೂ ತಂದಿದೆ. ಅದನ್ನು ಮುರಿಯುವ ಕೈಗಳಿಗೆ ಸಲ್ಲಬೇಕಾದುದು ಮಾತ್ರ ಬಾಕಿಯಿದೆ. ಮುಂದಿನ ಮುಂಗಾರಿನಲ್ಲಿ ಎಲೆ ಒದ್ದೆಯಾಗುವ ಮೊದಲೇ ಆ ಬಾಕಿಯ ಮೊದಲ ಕಂತಾದರೂ ಸಂದಾಯವಾಗಲಿ.